ಸಿಗರೇಟು ಪ್ಯಾಕಿನ ವಿದ್ಯಾದಾನ

ನಮ್ಮ ವಿಶ್ವವಿದ್ಯಾಲಯಗಳಿಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ಕಷ್ಟವೆಂದರೆ ಗೌರವ ಡಾಕ್ಟರೇಟಿಗೆ ತಕ್ಕವರನ್ನು ಹುಡುಕುವುದು. ಕಾಲೇಜು ಕಟ್ಟಿದವರು, ಕಾಲೇಜು ಕಟ್ಟಲು ಕೆರೆ ಮುಚ್ಚಿದವರು, ಕೆರೆ ಮುಚ್ಚಲು ಕಣ್ಣು ಮುಚ್ಚಿದವರು, ಎಲ್ಲರಿಗೂ ಕೊಟ್ಟಾಯಿತು. ಈ ಸಲ ನನ್ನದೊಂದು ಶಿಫಾರಸಿದೆ. ಬಡಮಕ್ಕಳಿಗೆ ಇತಿಹಾಸ, ಭೂಗೋಳ, ಪ್ರಾಣಿಶಾಸ್ತ್ರ ಕಲಿಸಿದವರು. ಪಾಠವನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಅಪ್ಪನ ಅಂಗಿ ಜೇಬಿನವರೆಗೆ ತಲುಪಿಸಿದವರು. ಇಷ್ಟೆಲ್ಲ ಮಾಡಿಯೂ ಮಗುವಿನಿಂದ ಬಿಡಿಗಾಸು ಫೀಸು ಕೇಳದ ಮಹಾನುಭಾವರು ಒಬ್ಬರಿದ್ದಾರೆ. ಹೆಸರು, ಸಿಗರೇಟು ಕಂಪನಿ.

ನಗಬೇಡಿ, ದಾಖಲೆಯಿದೆ. 1893ರಲ್ಲಿ ಇಂಗ್ಲೆಂಡಿನ ಜಾನ್ ಪ್ಲೇಯರ್ ಕಂಪನಿ ತನ್ನ ಪ್ಯಾಕಿನೊಳಗೆ ಕೋಟೆಗಳ, ಹಳೆಯ ಕ್ರೈಸ್ತ ಮಠಗಳ ಚಿತ್ರದ ಪುಟ್ಟ ಕಾರ್ಡುಗಳನ್ನಿಟ್ಟಿತು. 1895ರಲ್ಲಿ ಬ್ರಿಸ್ಟಲ್ ನಗರದ ವಿಲ್ಸ್ ಕಂಪನಿ ಹಡಗುಗಳ ಸರಣಿ ತಂದಿತು. ಆಮೇಲೆ ಹಕ್ಕಿ, ಚಿಟ್ಟೆ, ಬಾವುಟ, ರೈಲು, ಕ್ರಿಕೆಟ್ ಆಟಗಾರರು, ರಾಜಮನೆತನ, ತೋಟಗಾರಿಕೆ, ಕೊನೆಗೆ ಪ್ರಥಮ ಚಿಕಿತ್ಸೆ ಕೂಡ. ರಟ್ಟಿನ ಮುಂದೆ ಬಣ್ಣದ ಚಿತ್ರ, ಹಿಂದೆ ಕೆಲವು ಸಾಲು ವಿವರಣೆ, ಒಂದು ಸರಣಿಗೆ ಸಾಮಾನ್ಯವಾಗಿ ಐವತ್ತು. ಮನೆಯಲ್ಲಿ ಬೈಬಲ್ ಬಿಟ್ಟರೆ ಬೇರೆ ಪುಸ್ತಕವಿಲ್ಲದ ಕೂಲಿಕಾರನ ಮಗನಿಗೆ ಇದೇ ವಿಶ್ವಕೋಶ. ಅಪ್ಪ ಕೆಮ್ಮುತ್ತಿದ್ದ, ಮಗ ವಿದ್ಯಾವಂತನಾಗುತ್ತಿದ್ದ.

ಈ ವಿದ್ಯಾದಾನದ ಹುಟ್ಟು ಮಾತ್ರ ಅಷ್ಟೇನೂ ಘನವಾದದ್ದಲ್ಲ. ಹತ್ತೊಂಬತ್ತನೇ ಶತಮಾನದ ಸಿಗರೇಟು ಬರುತ್ತಿದ್ದದ್ದು ತೆಳು ಕಾಗದದ ಪೊಟ್ಟಣದಲ್ಲಿ. ಜೇಬಿನಲ್ಲಿ ಅದು ನಜ್ಜುಗುಜ್ಜಾಗದಿರಲೆಂದು ಒಳಗೊಂದು ರಟ್ಟು ಇಡುತ್ತಿದ್ದರು. ಖಾಲಿ ರಟ್ಟು ಯಾಕೆ ದಂಡವಾಗಬೇಕು ಎಂದು ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆನ್ ಅಂಡ್ ಗಿಂಟರ್ ಕಂಪನಿಯಂಥವರಿಗೆ ಹೊಳೆಯಿತು. ಅದೇ ಹೊತ್ತಿಗೆ ಜೇಮ್ಸ್ ಬೊನ್ಸ್ಯಾಕ್ ಎಂಬ ಯುವಕ ಸಿಗರೇಟು ಸುತ್ತುವ ಯಂತ್ರ ಕಂಡುಹಿಡಿದ. ನುರಿತ ಕೈಗಳು ದಿನವಿಡೀ ಸುತ್ತಿದರೂ ಮೂರು ಸಾವಿರದ ಆಸುಪಾಸಿನಲ್ಲಿ ನಿಂತುಬಿಡುತ್ತಿದ್ದವು. ಯಂತ್ರ ದಿನಕ್ಕೆ 1,20,000 ಸುತ್ತಿ ಬಿಸಾಕಿತು. 1884ರಲ್ಲಿ ನಾರ್ತ್ ಕ್ಯಾರೊಲಿನಾದ ಜೇಮ್ಸ್ ಬುಕ್ಯಾನನ್ ಡ್ಯೂಕ್ ಅದನ್ನು ತನ್ನ ಕಾರ್ಖಾನೆಯಲ್ಲಿ ಓಡಿಸತೊಡಗಿದ. ಸಿಗರೇಟು ಬೆಟ್ಟದಷ್ಟು ಬಂತು, ಸೇದುವ ಬಾಯಿಗಳು ಮಾತ್ರ ಅಷ್ಟೇ ಇದ್ದವು. ಹೊಸ ಬಾಯಿ ಹುಟ್ಟಿಸುವ ಕೆಲಸ ರಟ್ಟಿನ ಪಾಲಿಗೆ ಬಂತು. 1889ರಲ್ಲಿ ಡ್ಯೂಕ್ ಜಾಹೀರಾತಿಗೆ ಸುರಿದದ್ದು 8 ಲಕ್ಷ ಡಾಲರ್.

ಮೊದಲ ಪಾಠಗಳಲ್ಲಿ ಕೋಟೆ, ಹಡಗು ಇರಲಿಲ್ಲ. ನಟಿಯರಿದ್ದರು. ಅಂದಿನ ಮಾನದಂಡದಲ್ಲಿ ಸೀರೆ ಸೆರಗು ಜಾರಿದಷ್ಟೇ ಅನಾಹುತವಾದ ಬಿಗಿ ಉಡುಪಿನ, ಕಾಲು ಕಾಣುವ ನಟಿಯರು. ಡ್ಯೂಕನ ತಂದೆ ವಾಷಿಂಗ್ಟನ್ ಡ್ಯೂಕ್ ದೈವಭಕ್ತ ಮೆಥಡಿಸ್ಟ್. ಮುದುಕನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. 1894ರಲ್ಲಿ ಮಗನಿಗೆ ಪತ್ರ ಬರೆದು, ಇಂಥ ಚಿತ್ರಗಳು ಎಳೆಯರ ನಡತೆ ಕೆಡಿಸುತ್ತವೆ, ಜೊತೆಗೆ ಶಾಸನಸಭೆಗಳಲ್ಲಿ ಸಿಗರೇಟಿನ ವಿರುದ್ಧ ಮಾತಾಡುವವರ ಕೈಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂದು ಎಚ್ಚರಿಸಿದ. ಪ್ಯಾಕಿನಲ್ಲಿ ಹತ್ತು ಸಿಗರೇಟೂ ಇತ್ತು, ಒಬ್ಬ ನಟಿಯೂ ಇದ್ದಳು. ಮುದುಕನ ಧರ್ಮಕ್ಕೆ ಕಂಟಕವಾಗಿ ಕಂಡದ್ದು ನಟಿ ಮಾತ್ರ. ನಮ್ಮ ಸೆನ್ಸಾರ್ ಮಂಡಳಿಯವರು ಆತನ ಭಾವಚಿತ್ರವನ್ನು ಕಚೇರಿಯಲ್ಲಿ ತೂಗುಹಾಕಬಹುದು.

ನಟಿಯರ ಜೊತೆಗೇ ಬಂದದ್ದು ಇಸ್ಪೀಟು. ನನಗೆ ಕೇಳಿದರೆ, ತಂಬಾಕಿನವರು ಅಚ್ಚು ಹಾಕಿಸಿದ ಅಷ್ಟೂ ಕಾರ್ಡುಗಳಲ್ಲಿ ಪ್ರಾಮಾಣಿಕವಾದವು ಇವೇ. ಹಕ್ಕಿ ಚಿಟ್ಟೆಗಳು ಶಾಲೆಯ ವೇಷ ಹಾಕಿದ್ದವು, ಇಸ್ಪೀಟಿಗೆ ಆ ನಾಟಕವಿಲ್ಲ. ಒಳಗಿರುವುದು ಜೂಜು ಎಂದು ಎಲೆಯೇ ಹೇಳುತ್ತಿತ್ತು. 1888ರ ಸುಮಾರಿಗೆ ನ್ಯೂಯಾರ್ಕಿನ ಕಿನ್ನಿ ಬ್ರದರ್ಸ್ ಕಂಪನಿ ಹಾರ್ಲಕ್ವಿನ್ ಕಾರ್ಡುಗಳೆಂಬ ಚೆಲುವಾದ ಸರಣಿ ತಂದಿತು. ಆಟೀನು, ಕಳಾವರ್, ಡೈಮಂಡ್ ಗುರುತುಗಳೇ ಅಲ್ಲಿ ಮನುಷ್ಯರ ಮುಖ, ಟೋಪಿ, ಹೊಟ್ಟೆಗಳಾಗಿ ಚಿತ್ರದೊಳಗೆ ಕರಗಿಹೋಗುತ್ತಿದ್ದವು. ಕಲಾವಿದನ ಕೈಚಳಕಕ್ಕೆ ಈಗಲೂ ಕೈ ಮುಗಿಯಬೇಕು. ಡ್ಯೂಕನೂ ಲಾರಿಲಾರ್ಡ್ ಕಂಪನಿಯವರೂ ಅಷ್ಟು ಶ್ರಮಪಡಲಿಲ್ಲ. ನಟಿಯ ಚಿತ್ರದ ಮೂಲೆಯಲ್ಲಿ ಒಂದು ಇಸ್ಪೀಟೆಲೆ ಅಂಟಿಸಿದಂತೆ ಅಚ್ಚು ಹಾಕಿ ಎರಡೂ ಚಟಗಳನ್ನು ಒಂದೇ ರಟ್ಟಿನಲ್ಲಿ ಮುಗಿಸಿದರು. ಬ್ರಿಟನ್ನಿನಲ್ಲಿ 1930ರ ದಶಕದ ಆರಂಭಕ್ಕೆ ವಿಲ್ಸ್, ಕರೇರಾಸ್ ಮೊದಲಾದವರ ಪ್ಯಾಕುಗಳಲ್ಲಿ ಕಿರುಬೆರಳುದ್ದದ ಇಸ್ಪೀಟೆಲೆಗಳು ಬಂದವು. ಪೂರ್ತಿ ಕಟ್ಟು ಕೂಡಿಸಿ ಕಳಿಸಿದವರಿಗೆ ಆಡಲು ಬರುವ ದೊಡ್ಡ ಕಟ್ಟು ಉಚಿತ ಎಂಬ ಆಮಿಷವೂ ಇತ್ತು.

ಉಚಿತ ಎಂದರೆ ಎಷ್ಟು ಉಚಿತ? ಲೆಕ್ಕ ಹಾಕೋಣ. ಪ್ಯಾಕಿಗೆ ಹತ್ತು ಸಿಗರೇಟು, ಒಂದು ಎಲೆ. ಎಲ್ಲ ಎಲೆಗಳನ್ನೂ ಸಮನಾಗಿ ಹಂಚಿದ್ದಾರೆ, ಕಂಪನಿ ಮೋಸ ಮಾಡಿಲ್ಲ ಎಂದೇ ನಂಬೋಣ. ಐವತ್ತೆರಡು ಎಲೆಗೆ ಐವತ್ತೆರಡು ಪ್ಯಾಕು ಎಂದುಕೊಂಡವನು ದೇವರಂಥ ಮನುಷ್ಯ. ಬಂದದ್ದೇ ಮತ್ತೆ ಬರುತ್ತದೆ. ಸಂಭವನೀಯತೆಯ ಲೆಕ್ಕದ ಪ್ರಕಾರ ಅರ್ಧ ಕಟ್ಟು, ಅಂದರೆ 26 ಬೇರೆ ಬೇರೆ ಎಲೆಗಳು, ಸರಾಸರಿ 36 ಪ್ಯಾಕಿನಲ್ಲಿ ಸಿಕ್ಕಿಬಿಡುತ್ತವೆ. ಅಯ್ಯೋ, ಇಷ್ಟು ಸುಲಭವೇ ಎನಿಸುತ್ತದೆ. ಉಳಿದರ್ಧಕ್ಕೆ ಸರಾಸರಿ ಇನ್ನೂ 200 ಪ್ಯಾಕು ಬೇಕು. ಅದರಲ್ಲಿ ಕಟ್ಟಕಡೆಯ ಒಂದೇ ಒಂದು ಎಲೆಗೆ, ಅದು ಕಳಾವರ್ ಎರಡೇ ಆಗಿರಲಿ, ಸರಾಸರಿ 52 ಪ್ಯಾಕು. ಒಟ್ಟು 236 ಪ್ಯಾಕು, 2,360 ಸಿಗರೇಟು. ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಒಂದು ಕಟ್ಟು ಇಸ್ಪೀಟಿಗೆ ಇದು ಬೆಲೆ. ಕಟ್ಟು ತುಂಬುವ ಹೊತ್ತಿಗೆ ಜೊತೆಗೆ ಆಡುವ ನಾಲ್ಕು ಜನರಲ್ಲಿ ಒಬ್ಬನ ಕೈ ಖಾಲಿಯಾಗಿದ್ದರೆ ಅದಕ್ಕೆ ಕಂಪನಿ ಜವಾಬ್ದಾರಿಯಲ್ಲ.

ನಮ್ಮೂರ ಪತ್ರಿಕೆಗಳಲ್ಲಿ ದಿನ ಬಿಟ್ಟು ದಿನ ಒಂದು ಸುದ್ದಿ ಬರುತ್ತದೆ: ಊರಾಚೆಯ ತೋಪಿನಲ್ಲಿ ಅಂದರ್ ಬಾಹರ್ ಆಡುತ್ತಿದ್ದವರ ಬಂಧನ, ಇಸ್ಪೀಟೆಲೆ ಮತ್ತು ನಗದು ವಶ. ಒಳಗೇನಿದೆ ಎಂದು ಗೊತ್ತಿಲ್ಲದೆ ಕಾಸು ಕೊಟ್ಟು ಎಲೆ ಎತ್ತಿದವನು ಕಾನೂನಿನ ಕಣ್ಣಲ್ಲಿ ಜೂಜುಕೋರ. ಒಳಗೇನಿದೆ ಎಂದು ಗೊತ್ತಿಲ್ಲದೆ ಕಾಸು ಕೊಟ್ಟು ಪ್ಯಾಕು ಒಡೆದು ಎಲೆ ಎತ್ತಿದವನಿಗೆ ಅರ್ಥಶಾಸ್ತ್ರದಲ್ಲಿ ಗ್ರಾಹಕ ಎಂದು ಹೆಸರು. ತೋಪಿನಲ್ಲಿ ಆಡುವವನು ಒಂದೊಂದು ಸಲವಾದರೂ ಗೆಲ್ಲುತ್ತಾನೆ.

ಗೆಲ್ಲಲಾಗದ ಆಟಕ್ಕೆ ಮಕ್ಕಳೇ ತಕ್ಕ ಆಟಗಾರರು. ಇಂಗ್ಲೆಂಡಿನ ತಂಬಾಕಿನ ಅಂಗಡಿಗಳ ಮುಂದೆ ಹುಡುಗರು ಕಾದು ನಿಂತು, ಹೊರಬರುವ ಗಂಡಸರನ್ನೆಲ್ಲ ಕಾರ್ಡು ಕೊಡಿ ಎಂದು ಬೇಡುವುದು ಎರಡು ತಲೆಮಾರಿನ ನಿತ್ಯದ ದೃಶ್ಯವಾಗಿತ್ತು. ಶಾಲೆಯ ಅಂಗಳದಲ್ಲಿ ವಿನಿಮಯ ಮಾರುಕಟ್ಟೆ: ನಿನ್ನ ಎರಡು ಗೂಬೆಗೆ ನನ್ನ ಒಂದು ಯುದ್ಧನೌಕೆ. ಗೋಡೆಗೆ ಎಸೆದು ಯಾರ ಕಾರ್ಡು ಹತ್ತಿರ ಬೀಳುತ್ತದೋ ಅವರೇ ಗೆದ್ದಂತೆ. 1908ರಲ್ಲಿ ಬ್ರಿಟನ್ನಿನ ಮಕ್ಕಳ ಕಾಯಿದೆ ಹದಿನಾರರೊಳಗಿನವರಿಗೆ ಸಿಗರೇಟು ಮಾರುವುದನ್ನು ನಿಷೇಧಿಸಿತು. ಕಂಪನಿಗಳಿಗೆ ಇದರಿಂದ ಕೂದಲೂ ಕೊಂಕಲಿಲ್ಲ. ಕಾನೂನು ತಡೆದದ್ದು ಸಿಗರೇಟನ್ನು, ಚಿತ್ರವನ್ನು ಯಾರು ತಡೆದರು? ಅಪ್ಪ ಯಾವ ಬ್ರ್ಯಾಂಡು ಸೇದಬೇಕು ಎಂದು ಎಂಟು ವರ್ಷದ ಮಗ ಊಟದ ಮೇಜಿನಲ್ಲಿ ಹಟ ಹಿಡಿದು ತೀರ್ಮಾನಿಸುವಾಗ ಬೇರೆ ಮಾರಾಟ ಪ್ರತಿನಿಧಿ ಯಾಕೆ ಬೇಕು? ಸಂಬಳವಿಲ್ಲದ, ರಜೆ ಕೇಳದ, ಗ್ರಾಹಕನ ಮನೆಯಲ್ಲೇ ಉಂಡು ಮಲಗುವ ಪ್ರತಿನಿಧಿ. ಹತ್ತು ವರ್ಷ ಹೀಗೆ ದುಡಿದ ಮೇಲೆ ಅವನೇ ಗ್ರಾಹಕನಾಗಿ ಬಡ್ತಿ ಪಡೆಯುತ್ತಿದ್ದ.

ಹೆಂಗಸರ ವಿಷಯದಲ್ಲೂ ಇದೇ ದೂರದೃಷ್ಟಿ. ಮೊದಲು ಅವರು ಚಿತ್ರವಾದರು, ಆಮೇಲೆ ಇಸ್ಪೀಟಿನ ರಾಣಿಯಾದರು. ರಾಣಿಯನ್ನು ಎಲೆಯ ಮೇಲೆ ಕೂರಿಸಿ ನಲವತ್ತು ವರ್ಷವಾದ ಮೇಲೆ, ಅರ್ಧ ಮನುಕುಲಕ್ಕೆ ಸಿಗರೇಟೇ ಮಾರುತ್ತಿಲ್ಲವಲ್ಲ ಎಂಬ ಅನ್ಯಾಯ ಉದ್ಯಮದ ಗಮನಕ್ಕೆ ಬಂತು. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ಸಿಗರೇಟು ಕೊಟ್ಟು, ಅದನ್ನು ಸ್ವಾತಂತ್ರ್ಯದ ಪಂಜು ಎಂದು ಕರೆಸಿದ್ದು ಪ್ರಚಾರನಿಪುಣ ಎಡ್ವರ್ಡ್ ಬರ್ನೇಸ್. ಬ್ರಿಟನ್ನಿನ ಕೆನ್ಸಿಟಾಸ್ ಬ್ರ್ಯಾಂಡು 1930ರ ದಶಕದಲ್ಲಿ ಪ್ಯಾಕಿನೊಳಗೆ ರೇಷ್ಮೆಯಲ್ಲಿ ನೇಯ್ದ ಹೂಗಳನ್ನೇ ಇಟ್ಟಿತು. ಸ್ತ್ರೀ ಸಮಾನತೆಗಾಗಿ ಇಷ್ಟು ಖರ್ಚು ಮಾಡಿದ ಸಂಸ್ಥೆ ಇನ್ನೊಂದಿದ್ದರೆ ತೋರಿಸಿ.

ದೇಶಭಕ್ತಿಯಲ್ಲಂತೂ ಕಂಪನಿಗಳು ಯಾರಿಗೂ ಕಡಿಮೆಯಿಲ್ಲ, ಆದರೆ ಯಾವಾಗ ಎಷ್ಟು ಭಕ್ತಿ ಎಂಬ ಜಾಣತನ ಇತ್ತು. ವಾಟರ್ಲೂ ಯುದ್ಧಕ್ಕೆ ನೂರು ವರ್ಷವಾಯಿತೆಂದು ವಿಲ್ಸ್ ಕಂಪನಿ 1915ಕ್ಕೆ ಒಂದು ಸರಣಿ ಅಚ್ಚು ಹಾಕಿಸಿತ್ತು. ಅಷ್ಟರಲ್ಲಿ ಮಹಾಯುದ್ಧ. ಅಂದು ಸೋತ ಫ್ರೆಂಚರು ಇಂದು ಪಕ್ಕದ ಕಂದಕದಲ್ಲಿ ಕೂತ ಮಿತ್ರರು. ಸರಣಿ ಗೋದಾಮಿನಲ್ಲೇ ಉಳಿಯಿತು. ಎಂಟನೇ ಎಡ್ವರ್ಡನ ಜೀವನಚರಿತ್ರೆಯ ಸರಣಿಯೂ ಸಿದ್ಧವಾಗಿತ್ತು. 1936ರ ಡಿಸೆಂಬರಿನಲ್ಲಿ ಆತ ಪ್ರೇಯಸಿಗಾಗಿ ಸಿಂಹಾಸನ ಬಿಟ್ಟು ಹೊರಟಾಗ ಆ ರಾಜನೂ ಪ್ಯಾಕಿನಿಂದ ಹೊರಬಿದ್ದ. ರಾಜರು, ಸೇನಾಪತಿಗಳು ತಮ್ಮ ಇತಿಹಾಸ ತಾವೇ ಬರೆಯುತ್ತೇವೆಂದುಕೊಂಡಿದ್ದರು. ಕಾರ್ಡಿನ ಅಚ್ಚುಮನೆಯಲ್ಲಿ ಬೇರೆಯೇ ಪರಿಷ್ಕರಣ ಸಮಿತಿ ಕೂತಿತ್ತು.

1938ರಲ್ಲಿ ವಿಲ್ಸ್ ಕಂಪನಿ ಬ್ರಿಟಿಷ್ ಗೃಹ ಇಲಾಖೆಯ ನೆರವಿನಿಂದ ವೈಮಾನಿಕ ದಾಳಿಯ ಮುನ್ನೆಚ್ಚರಿಕೆಯ 50 ಕಾರ್ಡುಗಳನ್ನು ಹೊರತಂದಿತು. ಬೆಂಕಿಬಾಂಬು ನಂದಿಸುವುದು ಹೇಗೆ, ಕೋಣೆಯನ್ನು ವಿಷಾನಿಲ ನುಗ್ಗದಂತೆ ಭದ್ರಪಡಿಸುವುದು ಹೇಗೆ, ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿಕೊಳ್ಳುವುದು ಹೇಗೆ. ಶ್ವಾಸಕೋಶದ ರಕ್ಷಣೆಯ ಬಗ್ಗೆ ಅಷ್ಟು ಸ್ಪಷ್ಟವಾದ ಸರ್ಕಾರಿ ಪಾಠ ಜನರಿಗೆ ಸಿಕ್ಕಿದ್ದು ಸಿಗರೇಟು ಪ್ಯಾಕಿನಲ್ಲಿ. ಅತ್ತ ಜರ್ಮನಿಯಲ್ಲಿ ಹ್ಯಾಂಬರ್ಗಿನ ರೀಮ್ಟ್ಸ್ಮಾ ಕಂಪನಿಯ ಚಿತ್ರವಿಭಾಗ 1936ರಲ್ಲಿ ಹಿಟ್ಲರನ ಬದುಕಿನ ಭರ್ಜರಿ ಆಲ್ಬಮ್ ತಂದಿತು. ಚಿತ್ರಗಳು ಆತನ ಆಸ್ಥಾನ ಛಾಯಾಗ್ರಾಹಕ ಹಾಫ್‌ಮನ್‌ನವು, ಬರೆದವರಲ್ಲಿ ಆತನ ಪ್ರಚಾರಮಂತ್ರಿ ಗೊಬೆಲ್ಸ್ ಕೂಡ ಒಬ್ಬ. ಅಂಟಿಸುವ ಚಿತ್ರ ಬೇಕೆಂದರೆ ಸಿಗರೇಟು ಪ್ಯಾಕಿನ ಕೂಪನ್ ಕೂಡಿಸಬೇಕು. ಹಿಟ್ಲರನಿಗೋ ಹೊಗೆ ಕಂಡರೆ ಆಗದು, ಅವನ ಆಡಳಿತವೇ ತಂಬಾಕಿನ ವಿರುದ್ಧ ಪ್ರಚಾರ ನಡೆಸುತ್ತಿತ್ತು. ಸಿಗರೇಟು ಸೇದಬೇಡಿ ಎಂದ ನಾಯಕನ ಆದರ್ಶ ಜೀವನ ತಿಳಿಯಲು ಸಿಗರೇಟು ಸೇದಲೇಬೇಕಿತ್ತು. ಭಕ್ತರಿಗೆ ಈ ಬಗೆಯ ಪರೀಕ್ಷೆಗಳು ಎಲ್ಲ ಕಾಲದಲ್ಲೂ ಇವೆ.

ಮಿಕ್ಕ ಗೌರವಗಳೂ ಹೀಗೆಯೇ ಹಂಚಿಕೆಯಾದವು. 1888ರಲ್ಲಿ ಅಲೆನ್ ಅಂಡ್ ಗಿಂಟರ್ ಅಮೆರಿಕದ ಮೂಲನಿವಾಸಿ ನಾಯಕರ ಸುಂದರ ಸರಣಿ ತಂದಿತು. ಜಗತ್ತಿಗೆ ತಂಬಾಕು ಪರಿಚಯಿಸಿದ ಜನ. ಅವರ ನೆಲವನ್ನು ಕಸಿದು ಮುಗಿಸುತ್ತ ಬಂದಿದ್ದ ವರ್ಷಗಳವು. 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟ ಬುಡಕಟ್ಟಿನ ಹೆಂಗಸರು ಮಕ್ಕಳೆನ್ನದೆ ಸೈನ್ಯ ಗುಂಡಿಟ್ಟಿತು. ನೆಲ ಹೋದರೇನು, ಪ್ಯಾಕಿನಲ್ಲಿ ಒಂದು ಸೀಟು ಸಿಕ್ಕಿತ್ತಲ್ಲ.

ಭಾರತಕ್ಕೆ ಈ ವಿದ್ಯೆ ಹಡಗಿನಲ್ಲೇ ಬಂತು. 1901ರಲ್ಲಿ ಡ್ಯೂಕ್ ಬ್ರಿಟನ್ನಿಗೆ ನುಗ್ಗಿದ. ಅವನನ್ನು ಎದುರಿಸಲು ವಿಲ್ಸ್, ಪ್ಲೇಯರ್ ಮೊದಲಾದವರು ಸೇರಿ ಇಂಪೀರಿಯಲ್ ಟೊಬ್ಯಾಕೊ ಕಟ್ಟಿದರು. ಒಂದು ವರ್ಷ ಕಚ್ಚಾಡಿ, 1902ರಲ್ಲಿ ರಾಜಿಯಾಗಿ, ನಿನ್ನ ದೇಶ ನಿನಗೆ, ನನ್ನ ದೇಶ ನನಗೆ, ಉಳಿದ ಜಗತ್ತು ಇಬ್ಬರಿಗೂ ಎಂದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹುಟ್ಟಿಸಿದರು. ನಾವು ಆ ಉಳಿದ ಜಗತ್ತು. ಇಲ್ಲಿನ ದಂಡುಗಳಲ್ಲಿದ್ದ ಸಿಪಾಯಿಗಳಿಗೆ ವಿಲ್ಸ್‌ನವರ ಸಿಸರ್ಸ್, ನಮ್ಮವರ ಕತ್ತರಿ ಮಾರ್ಕು. ಅದರೊಳಗೆ ರೆಜಿಮೆಂಟುಗಳ, ಶೂರರ ಚಿತ್ರಗಳು. ಅಷ್ಟಕ್ಕೇ ಬೇಸರವಾದೀತೆಂದು ಮೂಲೆಯಲ್ಲಿ ಇಸ್ಪೀಟೆಲೆಯಿದ್ದ ಸುಂದರಿಯರು. 1910ರಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ ನೋಂದಣಿಯಾಯಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆ ಎದ್ದಿತು. ಆ ಕಂಪನಿಯೇ ಇಂದಿನ ಐಟಿಸಿ.

ಈ ಬಳಗದ ಪೆನಿನ್ಸುಲರ್ ಟೊಬ್ಯಾಕೊ ಕಂಪನಿ 1909ರ ಸುಮಾರಿಗೆ ಮಾಡಿದ ಕೆಲಸಕ್ಕೆ ಪ್ರತ್ಯೇಕ ಪ್ರಶಸ್ತಿ ಬೇಕು. ಅದು ಪ್ಯಾಕಿನೊಳಗೆ ಹಿಂದೂ ದೇವರುಗಳನ್ನಿಟ್ಟಿತು. ಜೊತೆಗೆ ಚೀನಾದ ಹೆಸರಾಂತ ಯೋಧರ ಸರಣಿಯನ್ನೂ ತಂದಿತು. ನಮ್ಮೂರ ಬೀದಿಯ ಮನುಷ್ಯ ಚೀನೀ ಸೇನಾಪತಿಯನ್ನಿಟ್ಟುಕೊಂಡು ಏನು ಮಾಡಬೇಕೆಂದು ಯಾರೂ ಕೇಳಿರಲಾರರು. ದೇವರ ಕಾರ್ಡು ಮಾತ್ರ ಗುರಿ ತಪ್ಪದ ಬಾಣ. ನಟಿಯನ್ನು ಎಸೆಯಬಹುದು, ಹಡಗನ್ನು ಎಸೆಯಬಹುದು, ಲಕ್ಷ್ಮಿಯನ್ನು ಚರಂಡಿಗೆ ಎಸೆಯುವ ಹಿಂದೂ ಎಲ್ಲಿದ್ದಾನೆ? ದೇವರನ್ನು ಎಲೆಯ ಮೇಲೆ ಬರೆಯುವುದೇನೂ ನಮಗೆ ಹೊಸತಲ್ಲ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತಾವೇ ಕೂತು ಹೊಸ ಹೊಸ ಎಲೆಯಾಟಗಳನ್ನು ರೂಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಸಿಟ್ಟರು. ಆ ರಾಮ ಕೃಷ್ಣರು ಆಟಕ್ಕಷ್ಟೇ ಬಂದವರು, ಮೈಯೆಲ್ಲ ತಂಬಾಕಿನ ವಾಸನೆ ಹೊತ್ತು ಬಂದವರಲ್ಲ.

ಸ್ವದೇಶಿಗಳು ಇದನ್ನು ಪ್ರತಿಭಟಿಸಿದರೇ ಎಂದರೆ, ಹೌದು, ನಮ್ಮದೇ ರೀತಿಯಲ್ಲಿ. ವಿದೇಶಿ ಸಿಗರೇಟು ಬಿಟ್ಟು ಬೀಡಿ ಹಿಡಿಯುವುದು ದೇಶಸೇವೆಯಾಯಿತು. ದೇವರೂ ಸಿಗರೇಟು ಬಿಟ್ಟು ಬೀಡಿ ಹಿಡಿದ. ಮಂಗಳೂರು ಗಣೇಶ ಬೀಡಿಯ ಲೇಬಲ್ ಮೇಲೆ ವಿಘ್ನನಿವಾರಕ ಕೂತು ಮುಕ್ಕಾಲು ಶತಮಾನ ದಾಟಿದೆ. ಸಿನಿಮಾದ ಪೋಸ್ಟರಿನಲ್ಲಿ ದೇವರ ಬಾಯಿಗೆ ಸಿಗರೇಟು ಇಟ್ಟರೆ ಬೆಂಕಿ ಹತ್ತುವ ಊರುಗಳಲ್ಲಿ, ದೇವರ ಹೆಸರಿನ ಕಟ್ಟು ಬಿಚ್ಚಿ ಬೆಂಕಿ ಹಚ್ಚಿದರೆ ಯಾರ ಭಾವನೆಗೂ ಬಿಸಿ ತಾಗುವುದಿಲ್ಲ. ಆ ಕಟ್ಟಿಗೆ ಬೀಡಿ ಸುತ್ತುತ್ತ ಕರಾವಳಿಯ ಹೆಂಗಸರು ಮೊರವನ್ನು ಮಡಿಲಲ್ಲಿಟ್ಟುಕೊಂಡು ತಲೆಮಾರು ಕಳೆದರು. ಅವರ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಸರಣಿ ಪೂರ್ತಿಯಾದರೆ ಉಡುಗೊರೆ ಎಂಬ ಯೋಜನೆ ಅವರಿಗಿರಲಿಲ್ಲ.

ಕಾರ್ಡು ಕೊಡುವ ಕಾಲ ಮುಗಿಯಿತು. 1940ರಲ್ಲಿ ಯುದ್ಧದ ಕಾಗದದ ಅಭಾವ ಬ್ರಿಟನ್ನಿನಲ್ಲಿ ಅದಕ್ಕೆ ತೆರೆ ಎಳೆಯಿತು. 1950ರಲ್ಲಿ ಡಾಲ್ ಮತ್ತು ಹಿಲ್ ಎಂಬಿಬ್ಬರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳು ಅಷ್ಟಕ್ಕೆಲ್ಲ ಆಟ ನಿಲ್ಲಿಸುವವರೇ? ಕಾರ್ಡು ಸಿಗದಿದ್ದರೆ ಪ್ಯಾಕನ್ನೇ ಕಾರ್ಡು ಮಾಡಿಕೊಂಡರು. ಬಸ್‌ಸ್ಟ್ಯಾಂಡಿನ ಕಸದಿಂದ ಆಯ್ದ ಚಾರ್ಮಿನಾರ್, ಬರ್ಕ್ಲಿ, ಪಾಸಿಂಗ್ ಷೋ, ವಿಲ್ಸ್ ಖಾಲಿ ಪ್ಯಾಕುಗಳಿಗೆ ಒಂದೊಂದಕ್ಕೆ ಒಂದೊಂದು ಬೆಲೆ ಕಟ್ಟಿ, ಮಣ್ಣಿನಲ್ಲಿ ಗೆರೆ ಎಳೆದು, ಬಚ್ಚೆಕಲ್ಲು ಎಸೆದು ಆಡಿದರು. ಕರ್ನಾಟಕದ ಯಾವ ಊರಿನ ಹುಡುಗನಿಗೂ ಆಗ ಮಗ್ಗಿಗಿಂತ ಮೊದಲು ಬ್ರ್ಯಾಂಡುಗಳ ದರ್ಜೆ ಬಾಯಿಗೆ ಬರುತ್ತಿತ್ತು. ಕಂಪನಿ ಇದಕ್ಕೆ ಒಂದು ರಟ್ಟನ್ನೂ ಖರ್ಚು ಮಾಡಲಿಲ್ಲ.

ಆಟಗಾರರ ಚಿತ್ರ ಪ್ಯಾಕಿನೊಳಗೆ ಇಡುವುದು ಹಳೆಯದಾಯಿತು. ಪ್ಯಾಕಿನ ಹೆಸರನ್ನೇ ಆಟದ ಮೇಲೆ ಬರೆದರು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಮಿರ್ ಸೊಹೈಲ್ ಬ್ಯಾಟು ತೋರಿಸಿ ಕೆಣಕಿದ್ದು, ಮರುಚೆಂಡಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪು ಹಾರಿಸಿದ್ದು ಯಾವ ಕನ್ನಡಿಗನಿಗೆ ಮರೆತೀತು? ಆ ಟೂರ್ನಿಯ ಅಧಿಕೃತ ಹೆಸರು ವಿಲ್ಸ್ ವಿಶ್ವಕಪ್ ಎಂಬುದು ಮಾತ್ರ ಮರೆತಿದೆ. ಓಡಿ ಬಂದು ಚೆಂಡೆಸೆಯುವ ಆಟಕ್ಕೆ ಉಸಿರು ಕಟ್ಟಿಸುವ ಸರಕಿನ ಹೆಸರಿಟ್ಟಿದ್ದನ್ನು ಅಂದು ಯಾರೂ ವಿಚಿತ್ರ ಎನ್ನಲಿಲ್ಲ. ಈಗ ಕಾಯಿದೆ ಬಿಗಿಯಾಗಿದೆ. ಹಾಗಾಗಿ ಪಾನ್ ಮಸಾಲೆಯ ಮನೆತನದ ಹೆಸರು ಹೊತ್ತ ಏಲಕ್ಕಿಯನ್ನು ಸಿನಿಮಾ ತಾರೆಯರು ಬಾಯಿಗೆ ಹಾಕಿಕೊಂಡು ಕೇಸರಿಯ ಪರಿಮಳ ಹೀರುತ್ತಾರೆ. ಏಲಕ್ಕಿಗೆ ಇಷ್ಟು ದುಡ್ಡಿದೆ ಎಂದು ಸಕಲೇಶಪುರದ ಬೆಳೆಗಾರನಿಗೆ ಮಾತ್ರ ತಿಳಿಯಲಿಲ್ಲ.

ಹಳೆಯ ರಟ್ಟುಗಳ ಕಥೆ ಅಷ್ಟಕ್ಕೇ ಮುಗಿದಿಲ್ಲ, ಅವು ಸಿಗರೇಟಿಗಿಂತ ದೀರ್ಘಾಯುಷಿಗಳು. ಸಂಧಿವಾತದಿಂದ ಬೆರಳು ಮಡಚಲಾಗದ ಅಮೆರಿಕದ ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಮೂರು ಲಕ್ಷಕ್ಕೂ ಮೀರಿದ ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, 1963ರಲ್ಲಿ ಸಾಯುವ ಸ್ವಲ್ಪ ಮೊದಲಿನ ತನಕ ಅಂಟಿಸುತ್ತ ಕೂತ. ಯುದ್ಧಕಾಲದಲ್ಲಿ ಗೂಢಚಾರನಾಗಿದ್ದ ಎಡ್ವರ್ಡ್ ವಾರ್ಟನ್ ಟೈಗರ್ ಹತ್ತು ಲಕ್ಷಕ್ಕೂ ಮಿಕ್ಕಿದ ಕಾರ್ಡು ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟುಹೋದ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ತನ್ನ ಚಿತ್ರವನ್ನು ಸಿಗರೇಟು ಪ್ಯಾಕಿನಲ್ಲಿ ಇಡಬೇಡಿ ಎಂದು ತಡೆದ. ಮಕ್ಕಳು ಹಾಳಾಗಬಾರದೆಂದು ಎಂಬುದು ಒಂದು ಕಥೆ, ದುಡ್ಡು ಕೊಡಲಿಲ್ಲವೆಂದು ಎಂಬುದು ಇನ್ನೊಂದು. ಆ ಹೊತ್ತಿಗಾಗಲೇ ಹೊರಬಿದ್ದಿದ್ದ ಕೆಲವೇ ಕಾರ್ಡುಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 57 ಕೋಟಿ ರೂಪಾಯಿಗೆ ಮಾರಾಟವಾಯಿತು. ತಂಬಾಕಿನವರ ಇಡೀ ಆಟದಲ್ಲಿ ನಾನು ಬರುವುದಿಲ್ಲ ಎಂದವನ ಎಲೆಗೇ ಹೆಚ್ಚು ಬೆಲೆ.

ಇಷ್ಟು ಓದಿದ ಮೇಲೆ ಡಾಕ್ಟರೇಟಿನ ಶಿಫಾರಸು ನಿಮಗೆ ಒಪ್ಪಿಗೆಯಾಗಿರಬಹುದು. ಆದರೆ ನಾನು ತಡಮಾಡಿದೆ ಎನ್ನಬೇಕು. 1909ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಮೊದಲ ಕುಲಾಧಿಪತಿಯಾದದ್ದು ತಂಬಾಕಿನ ಹೆನ್ರಿ ಓವರ್ಟನ್ ವಿಲ್ಸ್. ದಾನ ಒಂದು ಲಕ್ಷ ಪೌಂಡ್. 1924ರಲ್ಲಿ ನಾರ್ತ್ ಕ್ಯಾರೊಲಿನಾದ ಟ್ರಿನಿಟಿ ಕಾಲೇಜು ನಮ್ಮ ಡ್ಯೂಕನ ದೇಣಿಗೆಯಿಂದ ಡ್ಯೂಕ್ ವಿಶ್ವವಿದ್ಯಾಲಯವಾಯಿತು. ಇಂದು ಅಲ್ಲಿ ಹೆಸರುವಾಸಿಯಾದ ಕ್ಯಾನ್ಸರ್ ಸಂಸ್ಥೆಯೂ ಇದೆ. ವ್ಯಾಪಾರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸೂರಿನಡಿ ಯೋಚಿಸುವುದು ಎಂದರೆ ಇದು.

ಇನ್ನು ನಮ್ಮ ಸರ್ಕಾರ. ಯಾವ ಕೈಗೆ ಬಂದರೂ ಹೊಂದಿಕೊಳ್ಳುವ ಜೋಕರ್ ಎಲೆ ಅದೇ. ಆರೋಗ್ಯ ಇಲಾಖೆ 2003ರ ಕಾಯಿದೆಯನ್ನು ಹಿಡಿದು, 2016ರಿಂದ ಪ್ಯಾಕಿನ ಶೇ 85 ಭಾಗಕ್ಕೆ ಕೊಳೆತ ಗಂಟಲು, ಬಾಯಿಗಳ ಚಿತ್ರ ಹಾಕಿಸಿತು. ಕಾರ್ಡು ಒಳಗಿನಿಂದ ಹೊರಗೆ ಬಂತು ಅಷ್ಟೆ. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದುಮಾಡಿತು, ತಿಂಗಳೊಳಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. 2017ರಲ್ಲೇ ರಾಜ್ಯ ಸರ್ಕಾರ ಬಿಡಿ ಸಿಗರೇಟು ಮಾರಾಟ ನಿಷೇಧಿಸಿತು. ನಿಷೇಧ ಎಷ್ಟು ಕಟ್ಟುನಿಟ್ಟೆಂದರೆ ಈಗಲೂ ಗೂಡಂಗಡಿಯವನು ಪ್ಯಾಕನ್ನು ಗಲ್ಲಾದ ಹಿಂದೆ ಬಚ್ಚಿಟ್ಟು ಒಂದೊಂದೇ ತೆಗೆದುಕೊಡುತ್ತಾನೆ; ಹಾಗಾಗಿ ಸೇದುವವನ ಕಣ್ಣಿಗೆ ಎಚ್ಚರಿಕೆಯ ಚಿತ್ರವೂ ಬೀಳುವುದಿಲ್ಲ. ಇತ್ತ ವಾಣಿಜ್ಯ ಇಲಾಖೆಯ ಕೆಳಗೆ 1976ರಿಂದ ತಂಬಾಕು ಮಂಡಳಿ ಇದೆ. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ ಸೊಪ್ಪಿನ ಬೇಲು ಮುಂದಿಟ್ಟುಕೊಂಡು ದರ ಏರಲಿ ಎಂದು ಕಾಯುವ ರೈತನಿಗೆ ಒಂದು ಇಲಾಖೆ ಬೆಳೆ ಎನ್ನುತ್ತದೆ, ಇನ್ನೊಂದು ಬೆಳೆಯಬೇಡ ಎನ್ನುತ್ತದೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆಗೆ ಹೊಸ ಉದಾಹರಣೆ ಬೇಕಿದ್ದ ಕನ್ನಡ ಮೇಷ್ಟರು ಇದನ್ನು ಬಳಸಿಕೊಳ್ಳಬಹುದು.

ಕಟ್ಟಿನಲ್ಲಿ ಇನ್ನೊಂದು ಎಲೆ ಉಳಿದಿದೆ. ಐಟಿಸಿಯ ಶೇ 15ರಷ್ಟು ಷೇರು ಭಾರತೀಯ ಜೀವ ವಿಮಾ ನಿಗಮದ ಕೈಯಲ್ಲಿದೆ. ಬದುಕಿಗೂ ಸಾವಿಗೂ ಜೊತೆ ನಿಲ್ಲುವ ಸಂಸ್ಥೆ. ಪಾಲಿಸಿಗೆ ಅರ್ಜಿ ಹಾಕಿದರೆ ನೀವು ಧೂಮಪಾನಿಯೇ ಎಂದು ಕೇಳುತ್ತದೆ; ಕೆಲವು ಯೋಜನೆಗಳಲ್ಲಿ ಹೌದೆಂದವರಿಗೆ ಪ್ರೀಮಿಯಂ ಹೆಚ್ಚು, ಯಾಕೆಂದರೆ ಬೇಗ ಸಾಯುತ್ತಾರೆ. ಅವರು ಬೇಗ ಸಾಯಲು ಸೇದಿದ ಸಿಗರೇಟಿನ ಡಿವಿಡೆಂಡು ವರ್ಷ ವರ್ಷ ಬೇರೆ ಬರುತ್ತದೆ. ಇತ್ತಿಂದಲೂ ಸೈ, ಅತ್ತಿಂದಲೂ ಸೈ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಂಪನಿಗಳು ಅಚ್ಚು ಹಾಕಿಸಿದ ಕಾರ್ಡುಗಳಲ್ಲಿ ರಾಜರಿದ್ದಾರೆ, ರಾಣಿಯರಿದ್ದಾರೆ, ಗುಲಾಮರಿದ್ದಾರೆ, ದೇವರಿದ್ದಾನೆ, ಹಿಟ್ಲರನಿದ್ದಾನೆ, ಗೂಬೆಯಿದೆ. ನಾನು ನೋಡಿದ ಯಾವ ಪಟ್ಟಿಯಲ್ಲೂ ಕಾಣದ ಚಿತ್ರಗಳು ಎರಡೇ: ಸೇದುವವನ ಶ್ವಾಸಕೋಶ ಮತ್ತು ಸೇದಿಸಿ ಲಾಭ ಎಣಿಸುವವನ ಮುಖ. ಮೊದಲನೆಯ ಕೊರತೆಯನ್ನು ಸರ್ಕಾರ ಹೊರಗಿನ ಗಂಟಲು, ಬಾಯಿಗಳ ಚಿತ್ರಗಳಲ್ಲಿ ಅಷ್ಟಿಷ್ಟು ನೀಗಿಸಿತು. ಎರಡನೆಯದನ್ನು ಮುದ್ರಿಸುವ ಧೈರ್ಯ ಯಾವ ಮಂತ್ರಿಗೂ ಬಾರದು. ಶೇ 85 ಜಾಗದಲ್ಲಿ ಕೋಟ್ಯಂತರ ಪಾಲಿಸಿದಾರರ ಪಾಸ್‌ಪೋರ್ಟ್ ಫೋಟೊ ಹಿಡಿಸುವುದಿಲ್ಲ. ನಿಮ್ಮದೂ ಅದರಲ್ಲಿದೆ, ನನ್ನದೂ ಇದೆ. ಕಂತು ತಪ್ಪಿಸಬೇಡಿ, ಅಲ್ಲೆಲ್ಲೋ ಯಾರೋ ನಮಗಾಗಿ ಇನ್ನೊಂದು ಪ್ಯಾಕು ಒಡೆಯುತ್ತಿದ್ದಾರೆ.